ಬೆಂಚು ತುಂಬಿರಬೇಕು

ಓಣಿಯವರೆಲ್ಲ ಅವನನ್ನು ಟೋಕನ್ ಎಂದೇ ಕರೆಯುತ್ತಿದ್ದರು. ಡಾಕ್ಟರ ಷಾಪಿನಲ್ಲಿ ಜನ ಗಂಟೆಗಟ್ಟಲೆ ಕಾಯುವುದನ್ನು ತಪ್ಪಿಸಲು ಯಂತ್ರ ಮಾಡಿ, ಅದನ್ನು ಕೊಳ್ಳುವವರಿಗಾಗಿ ತಾನೇ ವರ್ಷಗಟ್ಟಲೆ ಕಾಯುತ್ತ ಕೂತವನಿಗೆ ಬೇರೆ ಯಾವ ಹೆಸರು ಒಪ್ಪೀತು? ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವನ ಕಂಪನಿ ಸ್ಟಾರ್ಟ್ ಆಗಿತ್ತು; ಅಪ್ ಆಗುತ್ತಿದ್ದುದು ಅವನು ಮೆಟ್ಟಿಲು ಹತ್ತುವಾಗ ಮಾತ್ರ.

ಯಂತ್ರವೆಂದರೆ ಗೋಡೆಗೆ ತೂಗುಹಾಕುವ ಒಂದು ಪರದೆ, ಒಂದು ಸ್ಪೀಕರ್. ರೋಗಿ ಮನೆಯಿಂದಲೇ ಫೋನಿನಲ್ಲಿ ನಂಬರು ಪಡೆಯಬೇಕು. ಸರದಿ ಹತ್ತಿರ ಬಂದಾಗ 'ಈಗ ಹೊರಡಿ' ಎಂಬ ಸಂದೇಶ; ಷಾಪಿಗೆ ಬಂದರೆ ನಂಬರು ಕೂಗುವ ಒಂದು ಹೆಂಗಸಿನ ದನಿ.

ಆ ದನಿ ಅವನ ಚಿಕ್ಕಮ್ಮನದು. ತಾಯಿಯಿಲ್ಲದ ಅವನನ್ನು ಸಾಕಿದವಳು. ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದಳು. ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಅವಳು, ಮೇಜಿನ ಕೆಳಗೆ ಹೋಂವರ್ಕ್ ಮಾಡುತ್ತ ಇವನು. "ಬಾರದ ಬಸ್ಸನ್ನ ಬಂತು ಅಂತ ಒಂದು ದಿನಾನೂ ಹೇಳಿದವಳಲ್ಲ ನಾನು" ಎನ್ನುವುದು ಅವಳ ಹೆಮ್ಮೆ. ಕಡೆಗೊಂದು ದಿನ ನಿಲ್ದಾಣದವರು ಕಂಪ್ಯೂಟರಿನ ದನಿ ತಂದು ಕೂರಿಸಿ, ಇವಳ ಕೈಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಅವಳ ಮಾತೇ ಕಡಿಮೆಯಾಗಿತ್ತು. ಟೋಕನ್ ತನ್ನ ಯಂತ್ರಕ್ಕೆ ದನಿ ಕೇಳಿದಾಗ ಮಾತ್ರ, ಬೀದಿಯ ಗದ್ದಲ ಒಳಬಾರದಿರಲೆಂದು ತಲೆತುಂಬ ಕಂಬಳಿ ಹೊದ್ದು, ಉಬ್ಬಸ ಬಂದಾಗಲೆಲ್ಲ ನಿಲ್ಲಿಸಿ, ಇನ್ನೂರರವರೆಗೆ ಎಣಿಸಿಕೊಟ್ಟಿದ್ದಳು.

ಯಂತ್ರ ಚೆನ್ನಾಗಿತ್ತು, ಮಾರುವ ಬಾಯಿ ಇರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಟೋಕನ್‌ನ ಬಾಯಿ ಸುಗ್ಗಿಯಲ್ಲೂ ಒಣಗುತ್ತಿತ್ತು. ಹಾಗಾಗಿ ಬಾಯಿ ಬಿಡದೆ ಗಿರಾಕಿಯನ್ನು ಒಲಿಸುವ ಉಪಾಯಗಳನ್ನು ಹುಡುಕಿದ. ಹಲ್ಲಿನ ಡಾಕ್ಟರ ಹಾಲಿನಲ್ಲಿ ಕಾದು ಕಾದು ಆಕಳಿಸುತ್ತಿದ್ದವರ ಫೋಟೋ ತೆಗೆದು, ಕಟ್ಟು ಹಾಕಿಸಿ, ಆ ಡಾಕ್ಟರಿಗೇ ಉಡುಗೊರೆ ಕೊಟ್ಟ. "ಬಾಯಿ ಎಷ್ಟು ಅಗಲ ತೆಗೆದಿದ್ದಾರೆ ನೋಡಿ, ನನ್ನ ಮುಂದೆ ಒಬ್ಬರೂ ಹೀಗೆ ತೆಗೆಯಲ್ಲ" ಎಂದು ಅವರು ಫೋಟೋ ಇಟ್ಟುಕೊಂಡು ಇವನನ್ನು ಬೀಳ್ಕೊಟ್ಟರು. ಕಣ್ಣಿನ ಡಾಕ್ಟರಂತೂ ಕಣ್ಣೆತ್ತಿಯೂ ನೋಡಲಿಲ್ಲ.

ಕೋಣೆಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತಿದ್ದವಳು ಅವನ ಕಾಲೇಜಿನ ಗೆಳತಿ. ಒಂದು ಸಂಜೆ ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಇನ್ಶೂರೆನ್ಸ್ ಆಫೀಸಿನವರು ಕರೆದಿದ್ದಾರೆ ಕಣೋ. ಈ ತಿಂಗಳಲ್ಲಿ ಒಬ್ಬನೇ ಒಬ್ಬ ಗಿರಾಕಿ ಸಿಗಲಿಲ್ಲ ಅಂದ್ರೆ ನಾನು ಹೊರಟೆ."

"ನೀನು ಹೋದ್ರೆ ಯಂತ್ರ ನಡೆಸೋರ್ಯಾರೇ?"

"ಮನೇಲಿ ಗೋಡೆಗೆ ನೇತುಹಾಕ್ಕೋ. ನಿಮ್ಮ ಚಿಕ್ಕಮ್ಮನ ಗಡಿಯಾರದ ಪಕ್ಕ."

ತಮಾಷೆಗೆ ಅಂದದ್ದು, ಆದರೆ ಮುಳ್ಳಿನ ಹಾಗೆ ನಾಟಿತು. ಯಂತ್ರ ನಿಂತರೆ ಚಿಕ್ಕಮ್ಮನನ್ನು ಎರಡನೇ ಸಲ ಮನೆಗೆ ಕಳಿಸಿದಂತೆ.

ಮರುದಿನ ಅವನು ಊರಿನಲ್ಲೇ ಅತಿ ಹೆಚ್ಚು ನೂಕುನುಗ್ಗಲಿನ ಡಾಕ್ಟರ ಬಳಿ ರೋಗಿಯಾಗಿ ಹೋದ. ಬೆನ್ನಿಗೆ ಆಸರೆಯಿಲ್ಲದ ಮರದ ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕಳೆದು ಒಳಗೆ ಹೋದಾಗ ಡಾಕ್ಟರು ಕೇಳಿದರು:

"ಏನಪ್ಪಾ ತೊಂದರೆ?"

"ಸೊಂಟನೋವು ಸಾರ್."

"ಯಾವಾಗಿಂದ?"

"ನಿಮ್ಮ ಬೆಂಚಿನ ಮೇಲೆ ಕೂತಾಗಿಂದ."

ಡಾಕ್ಟರು ಗಹಗಹಿಸಿ ನಕ್ಕರು. ಟೋಕನ್ ಹೇಳಿದ ಯಂತ್ರದ ವಿಷಯವನ್ನೂ ಕೇಳಿಸಿಕೊಂಡರು. "ತಂದು ಹಾಕು, ಒಂದು ವಾರ ನೋಡೋಣ" ಎಂದರು.

ಯಂತ್ರ ಚಾಚೂ ತಪ್ಪದೆ ಕೆಲಸ ಮಾಡಿತು. ಜನ ತಮ್ಮ ಹೊತ್ತಿಗೆ ಬಂದರು, ಕೂರುವ ಮೊದಲೇ ಚಿಕ್ಕಮ್ಮ ಕರೆದಳು, ಒಳಗೆ ಹೋದರು, ಮನೆಗೆ ಹೋದರು. ವಾರ ಮುಗಿಯುವ ಮೊದಲೇ ಡಾಕ್ಟರಿಂದ ಕರೆ ಬಂತು. ಟೋಕನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಿದ.

ಡಾಕ್ಟರು ಖಾಲಿ ಹಾಲಿನ ನಡುವೆ, ದೀಪ ಆರಿದ ಅಂಗಡಿಯ ಯಜಮಾನನಂತೆ ನಿಂತಿದ್ದರು.

"ನೋಡಪ್ಪಾ, ನನ್ನ ಷಾಪಿಗೆ ಬೋರ್ಡು ಅಂತ ಇರೋದು ಈ ಬೆಂಚೇ. ರಸ್ತೇಲಿ ಹೋಗೋರು ಗಾಜಿನ ಬಾಗಿಲಿಂದ ಇಣುಕ್ತಾರೆ, ಯಾರೂ ಇಲ್ಲ, ಎದುರುಗಡೆ ಡಾಕ್ಟರ ಹತ್ರ ಹೋಗ್ತಾರೆ. ಬೆಂಚು ಖಾಲಿ ಆದ್ರೆ ಕೈಗುಣ ಖಾಲಿ ಆಯ್ತು ಅಂತಾರೆ ಕಣಯ್ಯಾ!"

"ಆದ್ರೆ ಸಾರ್, ಜನ ಕಾಯೋದು..."

"ಕಾಯಲಿ. ಪೇಷಂಟ್ ಅಂದ್ಮೇಲೆ ಪೇಷನ್ಸ್ ಇರ್ಬೇಕು." ಅವರು ದನಿ ತಗ್ಗಿಸಿದರು. "ನಿನ್ನ ಯಂತ್ರ ಬೇಡ ಅಂತಲ್ಲ. ಅವರನ್ನ ಸ್ವಲ್ಪ ಬೇಗ ಕರೆಸು, ಒಳಗೆ ಸ್ವಲ್ಪ ತಡವಾಗಿ ಬಿಡು. ಯಾವಾಗಲೂ ಎರಡು ಬೆಂಚು ತುಂಬಿರ್ಬೇಕು. ಅಷ್ಟು ಮಾಡಿಕೊಟ್ರೆ ಇವತ್ತೇ ಸಹಿ."

ಟೋಕನ್ ಬಾಯಿಗೆ ಬಂದ ಒಂದೆರಡು ಮಾತನ್ನು ನುಂಗಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ.

ಗೆಳತಿ ಪ್ರೋಗ್ರಾಂ ಬದಲಿಸಿದ್ದು ಲೋಟದ ಚಹಾ ಆರುವುದರೊಳಗೆ. "ಕಾಯೋದನ್ನ ಕಮ್ಮಿ ಮಾಡೋಕೆ ವರ್ಷಗಟ್ಟಲೆ ಒದ್ದಾಡಿದ್ವಿ. ಜಾಸ್ತಿ ಮಾಡೋದು ಎಷ್ಟು ಸುಲಭ ನೋಡೋ" ಎಂದಳು. ನಗಲಿಲ್ಲ.

ಚಿಕ್ಕಮ್ಮ ಮತ್ತೆ ಕಂಬಳಿ ಹೊದ್ದು ಅವನು ಬರೆದುಕೊಟ್ಟ ಹೊಸ ಸಾಲೊಂದನ್ನು ಓದಿಕೊಟ್ಟಳು: 'ವೈದ್ಯರು ಒಬ್ಬರನ್ನು ನೋಡುತ್ತಿದ್ದಾರೆ. ದಯವಿಟ್ಟು ಸ್ವಲ್ಪ ಕಾಯಿರಿ.' ಕಂಬಳಿಯಿಂದ ಮುಖ ಹೊರಹಾಕಿ, "ಚೆನ್ನಾಗಿ ಬಂತಾ ಮಗಾ?" ಎಂದಳು.

"ಚೆನ್ನಾಗಿ ಬಂತು ಚಿಕ್ಕಮ್ಮ."

ಆಮೇಲೆ ಬಾಯಿಯ ಅಗತ್ಯವೇ ಬೀಳಲಿಲ್ಲ. ಬೆಂಚು ತುಂಬಿಸುವ ಯಂತ್ರವಂತೆ ಎಂಬ ಸುದ್ದಿ ಡಾಕ್ಟರಿಂದ ಡಾಕ್ಟರಿಗೆ ನೆಗಡಿಯಂತೆ ಹಬ್ಬಿತು. ಕಣ್ಣಿನವರು ಕಣ್ಣರಳಿಸಿಕೊಂಡು ಬಂದರು, ಹಲ್ಲಿನವರು ಹಲ್ಲು ಬಿಟ್ಟುಕೊಂಡು ಬಂದರು. ಗೆಳತಿ ಇನ್ಶೂರೆನ್ಸ್ ಆಫೀಸಿಗೆ ಹೋಗಲಿಲ್ಲ. ಆದರೆ ಕೋಣೆಯಲ್ಲಿ ತಮಾಷೆ ಮಾಡುವುದನ್ನು ಬಿಟ್ಟಳು.

ಚಳಿ ಶುರುವಾದಾಗ ಚಿಕ್ಕಮ್ಮನ ಉಬ್ಬಸ ಏರಿತು. ಅವಳು ಯಂತ್ರವನ್ನು ಮೊದಲು ಕೊಂಡ ಆ ಡಾಕ್ಟರೇ ಬೇಕೆಂದಳು. "ನನ್ನ ದನಿ ಹೇಗೆ ಕೇಳ್ಸುತ್ತೆ ಅಂತ ನಾನು ನೋಡೇ ಇಲ್ಲವಲ್ಲೋ." ಅವಳನ್ನು ಕರೆದುಕೊಂಡು ಹೋದಾಗ ಎರಡು ಬೆಂಚೂ ತುಂಬಿದ್ದವು. ಯಾರೋ ಸರಿದು ಜಾಗ ಕೊಟ್ಟರು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು, ಉಸಿರನ್ನು ಕಷ್ಟಪಟ್ಟು ಎಳೆಯುತ್ತ ಕೂತಳು.

"ನಾನು ಒಳಗೆ ಹೋಗಿ ಹೇಳ್ತೀನಿ ಚಿಕ್ಕಮ್ಮ, ಈಗಲೇ ಕರೀತಾರೆ."

"ಬೇಡ. ಇವರೆಲ್ಲ ನಮಗಿಂತ ಮುಂಚೆ ಬಂದೋರು. ನಾನೇ ಕರೀತೀನಲ್ಲ, ಆಗ ಹೋಗೋಣ."

ಮೇಲಿನಿಂದ ಅವಳದೇ ದನಿ, ಉಬ್ಬಸವಿಲ್ಲದ, ನಿಲ್ದಾಣದ ಕಾಲದ ದನಿ, ವೈದ್ಯರು ಒಬ್ಬರನ್ನು ನೋಡುತ್ತಿದ್ದಾರೆ ಎಂದಿತು. ಚಿಕ್ಕಮ್ಮನ ಬೆನ್ನು ನೆಟ್ಟಗಾಯಿತು. ಪಕ್ಕದವಳ ಕಡೆ ತಿರುಗಿ ಏನೋ ಹೇಳಹೊರಟಳು.

ಅಷ್ಟರಲ್ಲಿ ನರ್ಸು ಚಹಾದ ತಟ್ಟೆ ಹಿಡಿದು ಒಳಬಾಗಿಲು ತಳ್ಳಿದಳು. ಡಾಕ್ಟರು ಕಾಲುಚಾಚಿ ಪೇಪರ್ ಓದುತ್ತಿದ್ದರು. ಎದುರಿನ ಕುರ್ಚಿ ಖಾಲಿ. ಬಾಗಿಲು ಮುಚ್ಚಿಕೊಂಡಿತು.

ಚಿಕ್ಕಮ್ಮ ಆ ಬಾಗಿಲನ್ನೇ ನೋಡಿದಳು. ಅವನ ಕಡೆ ತಿರುಗಲಿಲ್ಲ.

"ಒಳಗೆ ಯಾರಿದ್ದಾರೆ ಮಗಾ?"

ಯಂತ್ರ ನಡೆಸುವ ಫೋನು ಅವನ ಕೈಯಲ್ಲೇ ಇತ್ತು; ಒತ್ತಿದರೆ ಮುಂದಿನ ನಂಬರು ಕೂಗುತ್ತಿತ್ತು. ಸುತ್ತ ಜನ ಕೂತಿದ್ದರು.

"ಯಾರೋ ಒಬ್ಬರಿದ್ದಾರೆ ಚಿಕ್ಕಮ್ಮ."

ಸ್ಪೀಕರ್ ಮತ್ತೆ ಅದನ್ನೇ ಹೇಳಿತು. ಅವಳು ಕತ್ತೆತ್ತಿ ಅತ್ತ ನೋಡಿದಳು, ತನ್ನನ್ನು ಮನೆಗೆ ಕಳಿಸಿದ ಆ ಕಂಪ್ಯೂಟರಿನ ದನಿಯನ್ನು ಕೇಳಿಸಿಕೊಳ್ಳುವಂತೆ. ಆಮೇಲೆ ಸೆರಗು ಹೊದ್ದು, ತಲೆ ಮುಚ್ಚಿಕೊಂಡು, ಕಾಯತೊಡಗಿದಳು.