ಐದೇ ನಿಮಿಷದ ಬಸ್ ಸ್ಟಾಪು

ತುಮಕೂರಿನ ಅಂಚಿನ ಬಡಾವಣೆಯೊಂದರ ಆ ಮನೆ ಮಾಲೀಕರಿಗೆ ಎಲ್ಲವೂ ಹತ್ತಿರ. ಪಾರ್ಕು, ಹಾಲಿನ ಬೂತು, ಬಸ್ ಸ್ಟಾಪು, ಯಾವುದನ್ನು ಕೇಳಿದರೂ ಪಂಚೆ ಎತ್ತಿ ಕಟ್ಟಿ, ಹೊಂಗೆ ಮರಗಳ ಸಾಲಿನಾಚೆ ಕೈ ತೋರಿಸಿ, "ಐದೇ ನಿಮಿಷ ಕಣಪ್ಪ" ಎನ್ನುತ್ತಿದ್ದರು. ಅವರ ಮಹಡಿ ಮನೆಯನ್ನು ಬಾಡಿಗೆಗೆ ನೋಡಲು ಅಮ್ಮನ ಜೊತೆ ಹೋದ ದಿನ ನಾನು ಇದನ್ನು ಒಪ್ಪಲಿಲ್ಲ. ಅಮ್ಮನಿಗೆ ಮಂಡಿನೋವು, ಅದರಲ್ಲೇ ಅವಳು ದಿನಾ ಬಸ್ ಹಿಡಿದು ಗುಬ್ಬಿಯ ಶಾಲೆಗೆ ಪಾಠ ಮಾಡಲು ಹೋಗಬೇಕು.

"ಯಾರ ನಡಿಗೇಲಿ ಐದು ನಿಮಿಷ ಸಾರ್?" ಎಂದೆ.

"ಬಾರಪ್ಪ, ವಾಚ್ ನೋಡ್ಕೋ" ಎಂದವರೇ ನಮ್ಮಿಬ್ಬರನ್ನೂ ಹೊರಡಿಸಿದರು.

ಆದರೆ ಪ್ರತಿ ಗೇಟಿನ ಮುಂದೆಯೂ ನಿಂತು, "ನಮ್ ಮೇಲ್ಗಡೆ ಮನೆಗೆ ಬರ್ತಾವ್ರೆ, ಮೇಡಮ್ನೋರು" ಎಂದು ಅಮ್ಮನನ್ನು ಪರಿಚಯಿಸಿದರು. ಒಬ್ಬರು ಕರಿಬೇವು ಕಿತ್ತುಕೊಟ್ಟರು. ಇನ್ನೊಬ್ಬರು ಕುರ್ಚಿ ಹಾಕಿ ಕೂರಿಸಿ, ಮಂಡಿಗೆ ಯಾವ ಎಣ್ಣೆ ಒಳ್ಳೆಯದೆಂದು ವಿವರಿಸಿದರು. ಅಮ್ಮ ಎಲ್ಲದಕ್ಕೂ ಹೂಂ ಎನ್ನುತ್ತಾ ತಲೆಯಾಡಿಸಿದಳು. ನಾವು ಸ್ಟಾಪು ಮುಟ್ಟುವಷ್ಟರಲ್ಲಿ ಗುಬ್ಬಿ ಬಸ್ಸು ಹೋಗಿತ್ತು.

"ಐವತ್ತು ನಿಮಿಷ!" ಎಂದು ಗೆದ್ದವನಂತೆ ವಾಚು ಚಾಚಿದೆ.

"ನಡೆದಿದ್ದು ಐದೇ ಕಣಪ್ಪ, ಮಿಕ್ಕಿದ್ದು ನಿಂತಿದ್ದು" ಎಂದರು ಅವರು, ಮುಖದಲ್ಲಿ ನಗುವೂ ಇಲ್ಲದೆ.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಮ್ಮ ನನ್ನನ್ನು ಪಕ್ಕಕ್ಕೆ ಎಳೆದಳು.

"ಸುಮ್ನಿರ್ಲಾ! ಬೀದಿಗೆಲ್ಲಾ ಬರ್ತೀವಿ ಅಂದ್ಬಿಟ್ಟಿದೀನಿ. ಈಗ ಬರಲ್ಲ ಅಂತ ಅಷ್ಟು ಗೇಟಿಗೂ ಹೋಗಿ ನೀನ್ ಹೇಳ್ತೀಯೇನ್ಲಾ?"