ಡಬ್ಬಿಯ ಉಸಿರಿಗೆ ನಾನು ಬಡಿದ ಬೆಣೆ

ನನ್ನ ಮೊಮ್ಮಗಳು ಮಾಡಿದ ರೈಲು ಬ್ರೇಕಿನ ವಾಲ್ವು ಪಾಸಾಯ್ತು. ಇವತ್ತು ಮಧ್ಯಾಹ್ನ, ನಮ್ಮ ಮನಿ ಹಿಂದಿನ ಹಳಿ ಮೇಲೆ, ನನ್ನ ಕಣ್ಣೆದುರಿಗೆ. ಅವಳ ವಾಲ್ವು ಹಾಕಿದ ಮೂರು ಡಬ್ಬಿಗಳಲ್ಲಿ ಒಂದರ ಗಾಲಿಯೂ ಹಿಡಿಯಲಿಲ್ಲ. ಸೊಸಿ ಒಳಗೆ ಗೋಧಿ ಹುಗ್ಗಿಗೆ ಇಟ್ಟಿದ್ದಾಳೆ. ಅದು ಕುದಿಯುವ ತನಕ ನನ್ನ ಕೈಗೆ ಕೆಲಸ ಇಲ್ಲ, ಬಾಯಿಗೆ ಬಿಡುವಿಲ್ಲ. ಹಾದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿಯಾಯ್ತು. ಉಳಿದದ್ದು ಈ ಕಾಗದ. ನಾನು ನಾಕನೇ ಕ್ಲಾಸಿಗೆ ಸಾಲಿ ಬಿಟ್ಟವಳು, ಅಕ್ಷರ ಡೊಂಕಿದ್ದರೆ ಹೊಟ್ಟೆಗೆ ಹಾಕಿಕೊಳ್ರಿ.

ಹಗರಿಬೊಮ್ಮನಹಳ್ಳಿ ಬಿಟ್ಟು ಕೊಟ್ಟೂರಿನ ಕಡೆ ಬರುವಾಗ ಒಂದು ರೈಲ್ವೆ ಗೇಟು ಸಿಗುತ್ತದೆ. ಗೇಟಿಗೆ ಹತ್ತಿಕೊಂಡೇ ನಮ್ಮ ಪಂಚರ್ ಅಂಗಡಿ, ಅಂಗಡಿ ಹಿಂದೆ ಮನಿ, ಮನಿ ಹಿಂದೆ ಜಾಲಿ ಗಿಡಗಳ ಸಾಲು, ಅದರಾಚೆ ಎರಡು ಜೋಡಿ ಹಳಿ. ಒಂದರ ಮೇಲೆ ಗಾಡಿ ಓಡುತ್ತವೆ. ಇನ್ನೊಂದು ಗೂಡ್ಸ್ ಡಬ್ಬಿಗಳನ್ನು ನಿಲ್ಲಿಸುವ ಹಳಿ. ಎಂಜಿನ್ನು ಅವನ್ನು ಅಲ್ಲಿ ಬಿಚ್ಚಿ ಹೋಯಿತೆಂದರೆ ದಿನಗಟ್ಟಲೆ ಯಾರೂ ಹಣಿಕಿ ನೋಡುವುದಿಲ್ಲ. ಬ್ಯಾಸಗಿಯಲ್ಲಿ ಸೂರ್ಯ ನೆತ್ತಿಗೆ ಬಂದು, ಗೇಟಿನವನಿಗೂ ಜೋಂಪು ಹತ್ತಿದ ಹೊತ್ತಿಗೆ, ಆ ಡಬ್ಬಿಗಳು ಉಸಿರಾಡುವುದು ಕೇಳಿಸುತ್ತದೆ.

ಎಂಜಿನ್ ಇದ್ದಾಗ ಉಸಿರು ಬಿಟ್ಟರೆ ಯಾರೂ ಹೆದರುವುದಿಲ್ಲ. ಬ್ರೇಕ್ ಬಿಡುವಾಗ ಮುಂದಿನ ಡಬ್ಬಿಯಿಂದ ಹಿಂದಿನದರ ತನಕ ಉಸ್, ಉಸ್, ಉಸ್ ಅಂತ ಸಾಲಾಗಿ ಬರುತ್ತದೆ, ಉದ್ದಕ್ಕೂ ಮಲಗಿದ ಮಂದಿ ಒಬ್ಬರಾದ ಮೇಲೊಬ್ಬರು ನಿಟ್ಟುಸಿರು ಬಿಟ್ಟ ಹಾಗೆ. ಆದರೆ ಎಂಜಿನ್ ಹೋಗಿ ತಾಸುಗಳಾದ ಮೇಲೆ, ಒಂದು ಎಲಿ ಸಹ ಅಲುಗದಾಗ, ನಡುವಿನ ಯಾವುದೋ ಡಬ್ಬಿ ಸೂ ಅಂತ ಸಣ್ಣಗೆ ಶುರು ಮಾಡುತ್ತಿತ್ತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟರೆ ಅದೂ ನಿಲ್ಲುತ್ತಿತ್ತು. ಮತ್ತೆ ಕೈ ಎತ್ತಿದರೆ, ಮತ್ತೆ ಸೂ.

ಗೇಟಿನವನಿಗೆ ಇದೊಂದು ಚಾಷ್ಟಿ. "ಅಲ್ಲಿ ಒಬ್ಬಾಕಿ ಅದಾಳಬೇ ಅಜ್ಜಿ, ಡಬ್ಬಿ ಕೆಳಗ ಕುಂತು ಒಲಿ ಊದ್ತಾಳ."

"ಏನು ಅಡಿಗಿ ಮಾಡ್ತಾಳಪ್ಪ?"

"ಅದನ್ನ ಕೇಳಾಕ ಹೋದವರು ಯಾರೂ ತಿರುಗಿ ಬಂದು ಹೇಳಿಲ್ಲ."

ನಾನೂ ನಗುತ್ತಿದ್ದೆ, ನನ್ನ ಯಜಮಾನರು ಇರುವ ತನಕ. ಅವರು ಕೊನೆಯ ಬ್ಯಾಸಗಿಯಲ್ಲಿ ಎದೆಯ ಬೇನೆಯಿಂದ ಮಲಗಿದಾಗ ಅವರ ಉಸಿರೂ ಹೀಗೇ ಸೋರುತ್ತಿತ್ತು. ಸೂ ಅಂತ ಸಣ್ಣಗೆ, ನಿಂತು ನಿಂತು. ಅವರು ಹೋದ ಮೇಲೆ ಮಧ್ಯಾಹ್ನ ಹಳಿಯ ಕಡೆಯಿಂದ ಆ ಸದ್ದು ಬಂದರೆ ನನ್ನ ಕೈಯೊಳಗಿನ ರೊಟ್ಟಿ ಹರಿದುಹೋಗುತ್ತಿತ್ತು.

ಪಂಚರ್ ಕೆಲಸ ಕಲಿಸಿದವರೂ ಅವರೇ. ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳಿ ಏಳುವ ಜಾಗ ಹುಡುಕುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಗಾಳಿ ಸೋರೋ ಕಡೆ ಬೆರಳಿಡು. ಬೆರಳಿಟ್ಟ ಮ್ಯಾಲ ಮುಚ್ಚದ ಏಳಬ್ಯಾಡ."

ಅವರು ಹೋದ ಮರುವರ್ಷದ ಬ್ಯಾಸಗಿಯಲ್ಲಿ ಒಂದು ದಿನ ಮಗ ಟಾಯರ್ ತರಲು ಕೊಟ್ಟೂರಿಗೆ ಹೋಗಿದ್ದ. ಸದ್ದು ಬೆಳಗಿನಿಂದ ಬಿಟ್ಟಿರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಜಾಲಿ ದಾಟಿ ಹೋದೆ. ಸಾಲಿನಲ್ಲಿ ಒಂದು ಡಬ್ಬಿಯ ಬಾಗಿಲ ಮೇಲೆ ತುಕ್ಕು ಹಿಡಿದು ಅಂಗೈ ಮೂಡಿದಂತಿತ್ತು, ಐದೂ ಬೆರಳು ಬೇರೆ ಬೇರೆ ಕಾಣುವಂತೆ. ಸೂ ಅನ್ನುವುದು ಅದರ ಕೆಳಗಿಂದ. ಬಗ್ಗಿ ನೋಡಿದೆ. ಮುಷ್ಟಿ ಹಿಡಿದಂಥ ಒಂದು ಕಬ್ಬಿಣದ ಗಡ್ಡೆ, ಅದಕ್ಕೊಂದು ತೂತು. ಬೆರಳಿಟ್ಟೆ. ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವಂಥ ಆ ಬಿಸಿಲಲ್ಲಿ ಒಳಗಿಂದ ಬರುತ್ತಿದ್ದ ಉಸಿರು ತಣ್ಣಗಿತ್ತು.

ಬೆರಳಿಟ್ಟ ಮೇಲೆ ಮುಚ್ಚದೆ ಏಳುವುದು ಹೇಗೆ? ಅಂಗಡಿ ಮುಂದಿನ ಬೇವಿನ ಟೊಂಗೆ ಮುರಿದು, ಕೆತ್ತಿ ಬೆಣೆ ಮಾಡಿ, ನಟ್ಟು ಬಿಚ್ಚುವ ಪಾನದಿಂದ ಬಡಿದೆ. ಅದರ ಮೇಲೆ ಪಂಚರ್ ಅಂಟಿಸುವ ಸಲೂಷನ್ ಹಚ್ಚಿ, ಹಳೆಯ ಟ್ಯೂಬಿನ ಪಟ್ಟಿಯನ್ನು ಬಿಗಿದು ಬಿಗಿದು ಸುತ್ತಿದೆ. ಸದ್ದು ನಿಂತಿತು. ಎರಡು ದಿನ ಕಣ್ತುಂಬ ನಿದ್ದಿ ಮಾಡಿದೆ.

ಮೂರನೆಯ ದಿನ ಎಂಜಿನ್ ಬಂದು ಡಬ್ಬಿಗಳನ್ನು ಕಟ್ಟಿಕೊಂಡಿತು. ನಾನು ಅಂಗಳದಲ್ಲಿ ನಿಂತು ಕೇಳುತ್ತಿದ್ದೆ. ಉಸ್, ಉಸ್, ಉಸ್. ಆಮೇಲೆ ಒಂದು ಉಸಿರಿನಷ್ಟು ಜಾಗ ಖಾಲಿ. ಮತ್ತೆ ಉಸ್, ಉಸ್. ಗಾಡಿ ಜಗ್ಗಿತು. ಆಗ ಎದ್ದ ಚೀರಾಟವನ್ನು ಹೇಗೆ ಬರೆಯಲಿ? ಮನುಷ್ಯರ ಬಾಯಿಂದ ಅಂಥದ್ದು ನಾನು ಕೇಳಿಲ್ಲ. ಅಂಗೈ ಮೂಡಿದ ಡಬ್ಬಿಯ ಗಾಲಿಗಳು ತಿರುಗುತ್ತಲೇ ಇರಲಿಲ್ಲ, ಹಳಿ ಮೇಲೆ ಉಜ್ಜಿಕೊಂಡು ಕಿಡಿ ಕಾರುತ್ತ ಹೋಗುತ್ತಿದ್ದವು. ಬದುವಿನಲ್ಲಿ ಮೇಯುತ್ತಿದ್ದ ಆಡುಗಳು ಮೇಯುವುದನ್ನು ಬಿಟ್ಟು ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತವು. ಗೇಟಿನವನು ಕೆಂಪು ಬಾವುಟ ಬೀಸುತ್ತ ಓಡಿದ. ಗಾಡಿ ನಿಂತ ಮೇಲೂ ಆ ಚೀರಾಟ ನನ್ನ ಕಿವಿಯಲ್ಲಿ ನಿಲ್ಲಲಿಲ್ಲ.

ಗಾರ್ಡು ಸುಟ್ಟ ಬೆಣೆ ಹಿಡಿದುಕೊಂಡು ಅಂಗಡಿಗೆ ಬಂದ. "ಅಜ್ಜಿ, ಈ ಕಡೆ ಯಾರರ ಕಿಡಿಗೇಡಿಗಳು ಬಂದಿದ್ರೇನು? ಹಿಂಗ ಇನ್ನೊಂದಿಷ್ಟು ದೂರ ಹೋಗಿದ್ರ ಗಾಲಿ ಸೀಳಿ ಡಬ್ಬಿ ಉರುಳ್ತಿತ್ತು. ಮುಂದ ಸ್ಟೇಷನ್ನಿನ್ಯಾಗ ಮಂದಿ ತುಂಬ್ಯಾರ."

"ನಾ ಯಾರನ್ನೂ ನೋಡಿಲ್ಲಪ್ಪ" ಅಂದೆ. ನನ್ನ ಉಗುರಿನ ಸಂದಿಯಲ್ಲಿ ಸಲೂಷನ್ ಇನ್ನೂ ಇತ್ತು. ಕೈಯನ್ನು ಬಾನಿಯ ನೀರಿನೊಳಗೆ ಇಟ್ಟುಕೊಂಡೇ ಮಾತಾಡಿದೆ.

ಅವತ್ತಿನಿಂದ ಪ್ರತಿ ಗೂಡ್ಸ್ ಗಾಡಿಯ ಉಸಿರು ಎಣಿಸುವುದು ನನಗೆ ಗೀಳಾಯಿತು. ಒಂದು ಕಮ್ಮಿ ಬಂದರೆ ಎದೆ ಹಾರುತ್ತಿತ್ತು. ವರ್ಷದಲ್ಲಿ ಒಂದೆರಡು ಸಲ ಆ ಅಂಗೈ ಡಬ್ಬಿ ತಿರುಗಿ ಬಂದು ಅದೇ ಹಳಿ ಮೇಲೆ ನಿಲ್ಲುತ್ತಿತ್ತು. ಅಷ್ಟು ದೊಡ್ಡ ದೇಶದಲ್ಲಿ ಅದಕ್ಕೆ ನಿಲ್ಲಲು ನಮ್ಮ ಮನಿ ಹಿಂದೆಯೇ ಜಾಗ ಬೇಕಿತ್ತೇ? ಬಟ್ಟಿ ಒಣಹಾಕಲು ಹಿತ್ತಲಿಗೆ ಹೋದರೆ ಬೆನ್ನ ಮೇಲೆ ಐದು ಬೆರಳು ಇಟ್ಟಂತಾಗುತ್ತಿತ್ತು.

ಮೊಮ್ಮಗಳು ನನ್ನ ಮಗನ ಮಗಳು. ಡಿಪ್ಲೊಮಾ ಓದಿ, ರೈಲಿನ ಬ್ರೇಕಿಗೆ ವಾಲ್ವು ಮಾಡುವ ದೂರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಎರಡು ವರ್ಷದ ಹಿಂದೆ ಹಬ್ಬಕ್ಕೆ ಬಂದಾಗ ಚೀಲದಿಂದ ಒಂದು ಕಬ್ಬಿಣದ ಗಡ್ಡೆ ತೆಗೆದು ನನ್ನ ಮುಂದಿಟ್ಟಳು, ನಡುವೆ ಕೊಯ್ದದ್ದು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದೇ ಮುಷ್ಟಿ, ಅದೇ ತೂತು. ತೂತಿನ ತುಂಬ ಒಣ ಮಣ್ಣು.

"ಇದು ಏನು ಹೇಳಬೇ ಅಜ್ಜಿ."

"ಕುಂಬಾರ ಹುಳದ ಗೂಡು. ಇಷ್ಟೂ ಗೊತ್ತಿಲ್ಲೇನ ನಿಮ್ಮ ಕಾರ್ಖಾನಿ ಮಂದಿಗೆ?"

"ಬ್ರೇಕ್ ಹಿಡಿಯಾಕ ಗಾಳಿ ಒಳಗ ಹೋಗತೈತಿ. ಬಿಡಬೇಕಂದ್ರ ಆ ಗಾಳಿ ಈ ತೂತಿನಿಂದ ಹೊರಗ ಬರಬೇಕು. ಹುಳ ಇದನ್ನ ಮುಚ್ಚಿದ್ರ ಹಿಡಿದದ್ದು ಹಿಡಿದಂಗ. ಗಾಲಿ ತಿರುಗಂಗಿಲ್ಲ, ಚೀರ್ಕೊಂತ ಹೋಗತೈತಿ."

ಅವಳು ನನ್ನ ಮುಖ ನೋಡಿದಳು. ಆಗ ಹೇಳಿಬಿಟ್ಟೆ, ಬೇವಿನ ಬೆಣೆಯಿಂದ ಹಿಡಿದು ಬಾನಿಯ ನೀರಿನ ತನಕ. ಅವಳು ಬೈಯಲಿಲ್ಲ. ಕೊಯ್ದ ಗಡ್ಡೆಯನ್ನು ನನ್ನ ಕಡೆ ತಿರುಗಿಸಿ ಹಿಡಿದು, "ಅದು ಸೋರ್ತಿತ್ತು ಅನ್ನೋದು ಖರೆ ಅಜ್ಜಿ, ಅದರ ಒಳಗಿನ ರಬ್ಬರ್ ಸವದಿತ್ತು. ಆದ್ರ ಮುಚ್ಚೋ ತೂತು ಅದಲ್ಲ" ಅಂದಳು. ಆಮೇಲೆ, "ಹುಳಕ್ಕೂ ನಿನಗೂ ಒಂದ ಬುದ್ಧಿ."

"ಹುಳ ನನಗಿಂತ ನೀಟಾಗಿ ಮುಚ್ಚೈತಿ" ಅಂದೆ.

ಗೂಡು ಕೆಡವಿಸುತ್ತ ಕೂತರೆ ಆಗುವ ಕೆಲಸವಲ್ಲ. ನಮ್ಮ ಕಡೆ ಕುಂಬಾರ ಹುಳ ಮನಿಯಲ್ಲಿ ಗೂಡು ಕಟ್ಟಿದರೆ ತೊಟ್ಟಿಲು ಕಟ್ಟುವ ಕಾಲ ಬಂತು ಅನ್ನುತ್ತಾರೆ, ಕಸಬರಿಗಿ ತಾಗಿಸಲೂ ಬಿಡುವುದಿಲ್ಲ. ತೂತೇ ಬೇರೆ ಥರ ಇರಬೇಕಿತ್ತು. ಅವಳು ಅಂಗಡಿಯ ಡಬ್ಬದಿಂದ ಸೈಕಲ್ಲಿನ ವಾಲ್ ಟ್ಯೂಬಿನ ತುಂಡು ತೆಗೆದು ಬೆರಳಲ್ಲಿ ಉರುಳಿಸುತ್ತ ಕೂತಳು. ಸೈಕಲ್ ತುಳಿದವರಿಗೆಲ್ಲ ಗೊತ್ತು: ಆ ಸಣ್ಣ ರಬ್ಬರು ಪಂಪಿನ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ತಿರುಗಿ ಬಿಡುವುದಿಲ್ಲ. ತನ್ನ ವಾಲ್ವಿನ ತೂತಿಗೂ ಅವಳು ಹಾಗೇ ಒಂದು ರಬ್ಬರಿನ ತುಟಿ ಮಾಡಿದಳು. ಉಸಿರು ಬಂದಾಗ ತೆರೆಯಬೇಕು, ಉಸಿರು ಮುಗಿದಾಗ ಮುಚ್ಚಬೇಕು, ಹುಳಕ್ಕೆ ಒಳಗೆ ಹಾದಿ ಇರಬಾರದು.

ಮೊದಲನೆಯದು ಬಿಸಿಲಿಗೆ ಅಂಟಿಕೊಂಡು ತೆರೆಯಲೇ ಇಲ್ಲ. ಎರಡನೆಯದು ಧೂಳು ಹಿಡಿದು ಮುಚ್ಚಲಿಲ್ಲ. ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. "ಇನ್ನೊಂದ ಸಲ ಅಂದಾರ ಅಜ್ಜಿ. ಇದೂ ಹಿಡೀತಂದ್ರ ಮೂಲಿಗೆ ಒಗೀತಾರ, ನನ್ನನ್ನ ಬ್ಯಾರೆ ಕೆಲಸಕ್ಕ ಹಾಕ್ತಾರ." ಮೂರನೆಯದಕ್ಕೆ ಬಿಸಿಲು, ಧೂಳು, ಹುಳ ಮೂರೂ ಇರುವ ಹಳಿ ಹುಡುಕಿದಾಗ ಅವಳೇ ನಮ್ಮ ಹಿತ್ತಲಿನ ಹಳಿಯನ್ನು ತೋರಿಸಿದಳಂತೆ.

ಯುಗಾದಿ ಮುಗಿದ ಮೇಲೆ ಆರು ಡಬ್ಬಿ ಬಂದು ನಿಂತವು. ಮುಂದಿನ ಮೂರಕ್ಕೆ ಹಳೆಯ ವಾಲ್ವು, ಹಿಂದಿನ ಮೂರಕ್ಕೆ ಅವಳದು. ಕೊನೆಯ ಡಬ್ಬಿಯ ಬಾಗಿಲು ನೋಡಿ ನನ್ನ ಕಾಲು ನಿಂತಲ್ಲೇ ನಿಂತವು. ತುಕ್ಕಿನ ಅಂಗೈ ಈಗ ಇನ್ನೂ ದೊಡ್ಡದಾಗಿತ್ತು.

"ಏನ್ ಕೇಳಿಸಿದ್ರೂ ಜಾಲಿ ದಾಟಬ್ಯಾಡ" ಅಂತ ಮೊಮ್ಮಗಳು ನನ್ನ ಕೈ ಹಿಡಿದು ಹೇಳಿ ಹೋದಳು.

ಕೇಳಿಸಿತು. ಆದರೆ ಈ ಸಲ ಉಸಿರಲ್ಲ. ಮಧ್ಯಾಹ್ನದ ಹೊತ್ತು ಕಬ್ಬಿಣದೊಳಗೆ ಯಾರೋ ಬಾಯಿ ಮುಚ್ಚಿಕೊಂಡು ಗುನುಗುವ ಸದ್ದು. ಒಂದು ಕಡೆ ನಿಂತರೆ ಇನ್ನೊಂದು ಕಡೆ. ಕುಂಬಾರ ಹುಳ ಮಣ್ಣು ಮೆತ್ತುವಾಗ ಹಾಗೇ ಗುನುಗುತ್ತದೆ, ನನಗೆ ಗೊತ್ತು. ಗೊತ್ತಿದ್ದರೂ ಮೈಮೇಲಿನ ಕೂದಲು ನಿಂತವು. ತೊಟ್ಟಿಲು ತೂಗುವವರು ಗುನುಗಿದಂತೆಯೇ ಇತ್ತು.

ಅವು ಮಣ್ಣು ಎಲ್ಲಿಂದ ಒಯ್ಯುತ್ತಿದ್ದವು ಅನ್ನುವುದು ಒಂದು ದಿನ ಕಣ್ಣಿಗೆ ಬಿತ್ತು. ನನ್ನ ಬಾನಿಯ ಬುಡದಿಂದ. ಟ್ಯೂಬ್ ಅದ್ದಿ ತೆಗೆದಾಗ ಚೆಲ್ಲಿದ ನೀರಿನ ಕೆಸರನ್ನು ಉಂಡೆ ಮಾಡಿಕೊಂಡು, ಜಾಲಿ ಮೇಲಿಂದ ನೆಟ್ಟಗೆ ಡಬ್ಬಿಗಳಿಗೆ ಹಾರುತ್ತಿದ್ದವು. ಸುತ್ತ ಹರದಾರಿ ದೂರ ಬೇರೆಲ್ಲೂ ಹಸಿ ಇರಲಿಲ್ಲ. ನನ್ನ ಮೊಮ್ಮಗಳ ತೂತು ಮುಚ್ಚಲು ನಾನೇ ಮಣ್ಣು ಕಲಸಿ ಕೊಡುತ್ತಿದ್ದೆ.

ಬಾನಿಯನ್ನು ಬೋರಲು ಹಾಕಿದೆ. ಮಗ ಕೇಳಿದರೆ ತೂತು ಬಿದ್ದಿದೆ ಅಂದೆ. ಕೆಸರು ಒಣಗಿತು. ಮರುದಿನ ಮಧ್ಯಾಹ್ನ ಗುನುಗು ನಿಂತಿತು. ಸದ್ದಿಲ್ಲದ ಆ ಮಧ್ಯಾಹ್ನ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಆಯಿತು. ಬೆಣೆ ಬಡಿದಾಗಲೂ ಹೀಗೇ ಸದ್ದು ನಿಂತಿತ್ತು, ಆಗಲೂ ನಾನು ನೆಮ್ಮದಿಯಿಂದ ಮಲಗಿದ್ದೆ. ಹುಳ ಬಾರದೇ ಇವಳ ವಾಲ್ವು ಪಾಸಾಗಿ, ಸಾವಿರ ಡಬ್ಬಿಗೆ ಹತ್ತಿ, ಎಲ್ಲೋ ಜನ ತುಂಬಿದ ಸ್ಟೇಷನ್ನಿನಲ್ಲಿ ಹಿಡಿದುಕೊಂಡರೆ? ಗಾರ್ಡಿಗೆ ಹೇಳಿದ ಸುಳ್ಳೊಂದು ಸಾಕಿತ್ತು. ಬಾನಿ ಎತ್ತಿಟ್ಟು ಎರಡು ಕೊಡ ನೀರು ಸುರಿದೆ. ಬುಡದ ಸುತ್ತ ಇನ್ನೊಂದು ತಂಬಿಗೆ ಹೆಚ್ಚಿಗೇ ಚೆಲ್ಲಿದೆ.

ಇವತ್ತು ಎಂಜಿನ್ ಬಂತು. ಪುಸ್ತಕ ಹಿಡಿದ ನಾಲ್ಕು ಮಂದಿ ಸಾಹೇಬರು ಇಳಿದರು. ಮೊಮ್ಮಗಳು ಕೊನೆಯ ಡಬ್ಬಿಯ ಹತ್ತಿರ ನಿಂತಿದ್ದಳು, ಮುಖ ಬಿಳಚಿತ್ತು. ನಾನು ಜಾಲಿಯ ಈಚೆ. ಬ್ರೇಕ್ ಹಿಡಿದರು, ಬಿಟ್ಟರು.

ಉಸ್. ಎರಡನೆಯದು ಖಾಲಿ. ಮೂರನೆಯದು ಉಸ್. ಅಲ್ಲಿಗೆ ಹಳೆಯವು ಮುಗಿದವು. ನಾಲ್ಕು, ಉಸ್. ಐದು, ಉಸ್. ಅಂಗೈ ಡಬ್ಬಿ ಸುಮ್ಮನಿತ್ತು. ನಾನು ಎಣಿಸುತ್ತಿದ್ದವಳು ಎಣಿಕೆ ಮರೆತೆ. ಆಡುಗಳು ತಲೆ ಎತ್ತಿದವು. ಆಮೇಲೆ ಪಟ್ ಅಂತ ಏನೋ ಸಿಡಿದು ಮೊಮ್ಮಗಳ ಕಾಲ ಬಳಿ ಬಿತ್ತು, ಅದರ ಹಿಂದೆಯೇ ಉದ್ದನೆಯ ಒಂದು ಉಸಿರು ಹೊರಬಂತು. ಬಿದ್ದದ್ದು ಒಣ ಮಣ್ಣಿನ ಗೂಡು. ಹುಳ ಆ ರಬ್ಬರಿನ ತುಟಿಯ ಮೇಲೇ ಮನಿ ಕಟ್ಟಿತ್ತು, ಉಸಿರು ಅದನ್ನು ಊದಿ ಒಗೆದಿತ್ತು.

ಎಂಜಿನ್ ಜಗ್ಗಿದಾಗ ಎರಡನೆಯ ಡಬ್ಬಿ ಮಾತ್ರ ಚೀರಿತು, ನಾಲ್ಕು ಮಾರಿನಷ್ಟು. ಬಿಚ್ಚಿ ನೋಡಿದರೆ ತೂತಿನ ತುಂಬ ಮಣ್ಣು, ನನ್ನ ಬಾನಿಯದೇ. ಹಿರಿಯ ಸಾಹೇಬರು ಗೂಡಿನ ಚೂರನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಪಾಸ್ ಅಂತ ಬರೀರಿ" ಅಂದರು. ಮೊಮ್ಮಗಳು ಜಾಲಿ ಮುಳ್ಳು ಲೆಕ್ಕಿಸದೆ ಓಡಿಬಂದು ನನ್ನ ಮೇಲೆ ಬಿದ್ದಳು.

ಸೊಸಿ ಕರೆಯುತ್ತಿದ್ದಾಳೆ. ಉಳಿದದ್ದು ಉಂಡು ಬಂದು ಬರೆಯುತ್ತೇನೆ.

ಉಂಡೆವು. ಅಂಗಳದಲ್ಲಿ ಚಾಪೆ ಹಾಸಿ ಮಗ, ಸೊಸಿ, ಮೊಮ್ಮಗಳು, ನಾನು ಸುತ್ತ ಕೂತಿದ್ದೆವು. ಹುಗ್ಗಿಯ ಮೇಲೆ ತುಪ್ಪ, ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ. ಮೊದಲನೆಯ ತುತ್ತಿಗೆ ಮುಂಚೆ ಬೆಣೆಯ ಕಥಿ ಅವರಿಗೂ ಹೇಳಿದೆ.

ಮಗ ರೊಟ್ಟಿ ಕೆಳಗಿಟ್ಟ. "ಹಂಗಾದ್ರ ಬೇವಿನ ಟೊಂಗಿ ಮುರಿದಾಕಿ ನೀನ? ನಾ ಮುರಿದೆ ಅಂತ ಒಂದು ವಾರ ಬೈದಿದ್ದೆಲ್ಲಬೇ ಅವ್ವ?"

"ನೀವು ಮಾಡಿದ ಬ್ಯಾರೆ ತಪ್ಪಿಗೆ ಜಮಾ ಆತು, ಬೈದಿದ್ದು ಹಂಗೂ ವ್ಯರ್ಥ ಆಗಿಲ್ಲ ಬಿಡ್ರಿ" ಅಂದಳು ಸೊಸಿ.

ಅಷ್ಟರಲ್ಲಿ ಹಿಂದೆ ಎಂಜಿನ್ ಕೂಗಿತು. ಎರಡನೆಯ ಡಬ್ಬಿಯ ಮಣ್ಣು ತೆಗೆದು, ಆರನ್ನೂ ಒಯ್ಯಲು ಬಂದಿದ್ದರು. ಎಲ್ಲರ ಕೈ ತಾಟಿನ ಮೇಲೇ ನಿಂತಿತು. ಮೊಮ್ಮಗಳು ಬೆರಳು ಮಡಚುತ್ತ ಎಣಿಸಿದಳು. ಉಸ್, ಉಸ್, ಉಸ್, ಉಸ್, ಉಸ್, ಉಸ್. "ಆರೂ ಬಂದ್ವು" ಅಂತ ನಕ್ಕಳು. ಗಾಲಿ ಉರುಳಿದವು. ಚೀರಾಟ ಇಲ್ಲ.

ನನಗೆ ಏಳು ಕೇಳಿಸಿದವು. ಕೊನೆಯದು ಹಳಿಯ ಕಡೆಯಿಂದಲ್ಲ, ಅಂಗಡಿಯ ಬಾನಿಯ ಹತ್ತಿರ ಯಜಮಾನರು ಕೂಡುತ್ತಿದ್ದ ಕಡೆಯಿಂದ ಬಂತು. ಸಣ್ಣಗೆ, ನಿಂತು ನಿಂತು. ನಾನು ತಿರುಗಿ ನೋಡಲಿಲ್ಲ, ಮುಚ್ಚಲು ಏಳಲೂ ಇಲ್ಲ. ಸೊಸಿ ನನ್ನ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು. ಬಿಸಿ ಇತ್ತು, ಊದಿ ಊದಿ ಎಲ್ಲರ ಜೊತೆ ಉಂಡೆ.