ಹೆಣದ ಹದ್ದು

ಇದು ನಡೆದದ್ದೇ, ಕಾಗಿಣಾ ಹೊಳೆಯ ನೀರಿನಾಣೆ. ಸುಳ್ಳಾಗಿದ್ದರೆ ನಮ್ಮ ಬುತ್ತಿಯ ರೊಟ್ಟಿಯೆಲ್ಲ ಶಹಾಬಾದಿನ ಫರ್ಸಿಕಲ್ಲಾಗಲಿ.

ಹೋದ ಬೇಸಿಗೆಯ ಒಂದು ನಸುಕು. ಶಹಾಬಾದಿನ ಆಚೆ, ಕೈಬಿಟ್ಟ ಕಲ್ಲುಗಣಿಯ ಅಂಚಿನಲ್ಲಿ ದೇವಿಕಾ ತನ್ನ ಡ್ರೋನು ನೆಲಕ್ಕಿಟ್ಟು ಗಾಳಿಗೆ ಕಿವಿಗೊಡುತ್ತಾಳೆ. ಇಲ್ಲಿನ ಗಾಳಿ ಎಮ್ಮೆಯನ್ನು ಎತ್ತಿಕೊಂಡು ಹೋಗಿ ವಾಡಿ ಸ್ಟೇಷನ್ನಿನಲ್ಲಿ ಇಳಿಸಿ, ಮೇಲೆ ಟಿಕೆಟ್ಟನ್ನೂ ಕೇಳುವಂಥದ್ದು. ಆದರೆ ಅವತ್ತು ಯಾರೂ ನಗುತ್ತಿಲ್ಲ. ಕಲ್ಲು ಸೀಳುವ ಮೆಹತಾಬ್, ತಪ್ಪಿಸಿಕೊಂಡ ಆಡು ಹುಡುಕುತ್ತ ಹಿಂದಿನ ಸಂಜೆ ಇತ್ತ ಬಂದವನು ಮನೆಗೆ ಮರಳಿಲ್ಲ. ಹೆಂಡತಿ ನಾಹಿದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ.

ಮದುವೆಗಳ ಚಿತ್ರ ತೆಗೆಯುವುದು ದೇವಿಕಾಳ ಕಸುಬು. ಇರುವುದು ಒಂದೇ ಡ್ರೋನು; ಬಿದ್ದರೆ ಒಲೆಯೂ ಆರಿದಂತೆ. ಬೆರಳಿನ ಹದ ಮಾತ್ರ ತಾಯಿ ಪೀರಮ್ಮನದು. ಸೇಡಂ ಕಡೆಯ ಕಣದಲ್ಲಿ ತೊಗರಿ ತೂರುವಾಗ ಆಕೆ ಹೇಳುತ್ತಿದ್ದಳು: “ಗಾಳಿ ಕೂಡ ಗುದ್ದಾಡಬ್ಯಾಡ ಮಗಳ. ಅದೂ ಉಸಿರು ಬಿಡ್ತದ, ಎಳೀತದ. ಎಳ್ಕೊಳ್ಳಾಗ ಮೊರ ಅಲುಗಿಸು.”

ಅಂಚು ದಾಟಿದೊಡನೆ ಗಾಳಿ ಕೆಳಗಿನಿಂದ ಗುದ್ದುತ್ತದೆ. ಡ್ರೋನು ಕುಡಿದವನಂತೆ ಓಲಾಡುತ್ತದೆ. ದೇವಿಕಾ ಕಾಯುತ್ತಾಳೆ, ಗಾಳಿ ಉಸಿರೆಳೆದಾಗ ಹೆಬ್ಬೆರಳು ಕೂದಲೆಳೆಯಷ್ಟೇ ಸರಿಯುತ್ತದೆ. ಗಣಿಯ ಗೋಡೆಯಲ್ಲಿ ಹೊರಚಾಚಿದ ಬಂಡೆಯ ಮೇಲೆ ಮೆಹತಾಬ್ ಕಾಣುತ್ತಾನೆ. ಕತ್ತು ತಿರುಗಬಾರದ ಕಡೆ ತಿರುಗಿದೆ. ಹದ್ದುಗಳು ಆಗಲೇ ಸುತ್ತುತ್ತಿವೆ.

ಇಳಿಯಲು ಹಗ್ಗ ಊರಿನಿಂದ ಬರಬೇಕು. ನಾಹಿದ ಅಳುವುದಿಲ್ಲ, ಹದ್ದುಗಳನ್ನೇ ನೋಡುತ್ತಾಳೆ.

“ಅಕ್ಕಾ, ನಿಮ್ಮ ಮಶೀನ್ ಅಲ್ಲೇ ನಿಂದರಸ್ರಿ. ಅವು ಅವರಿಗಿ ಮುಟ್ಟಬಾರದ್ರಿ.”

ಅಂಥ ಗಾಳಿಯಲ್ಲಿ ಬಂಡೆಗೆ ಅಷ್ಟು ಹತ್ತಿರ ಯಾರೂ ನಿಲ್ಲಿಸುವುದಿಲ್ಲ. ದೇವಿಕಾ ನಿಲ್ಲಿಸುತ್ತಾಳೆ. ಬ್ಯಾಟರಿ ಸೋತಾಗ ಮೇಲೆ ಕರೆದು, ಬದಲಿಸಿ, ಮತ್ತೆ ಇಳಿಸುತ್ತಾಳೆ. ಅಷ್ಟು ಹೊತ್ತು ಹದ್ದು ಇಳಿಯದಂತೆ ನಾಹಿದ ಗಣಿಗೆ ಸಣ್ಣ ಕಲ್ಲು ಎಸೆಯುತ್ತಿರುತ್ತಾಳೆ. ಬಿಸಿಲೇರಿ ಹಗ್ಗ ಬರುವ ತನಕ ಮೆಹತಾಬನ ಮೇಲೆ ಬಿದ್ದ ನೆರಳು ಡ್ರೋನಿನದು ಮಾತ್ರ.

ಅಂದಿನಿಂದ ದೇವಿಕಾಳಿಗೆ ಊರು ಇಟ್ಟ ಹೆಸರು ‘ಹೆಣದ ಹದ್ದು’. ಚಿತ್ತಾಪುರದ ಬೀಗರೊಬ್ಬರು ಚಿತ್ರ ತೆಗೆಯಲು ಮದುವೆ ಹಂದರದ ತನಕ ಕರೆಸಿ, ಅಕ್ಷತೆ ಬೀಳುವಾಗ ಆ ನೆರಳು ಬೇಡವೆಂದು ವಾಪಸು ಕಳಿಸಿದರು. ಈಗ ಫೋನು ಮಾಡುವವರು ಗಣಿಯಲ್ಲಿ ಮನುಷ್ಯರನ್ನು ಕಳೆದುಕೊಂಡವರು ಮಾತ್ರ. ಆಕೆ ಇಲ್ಲವೆನ್ನುವುದಿಲ್ಲ.

“ಅನ್ನವ್ರು ಅನ್ಲಿ ಬಿಡ್ರಿ. ನಾ ಹದ್ದು ಓಡಿಸೀನಿ, ಹದ್ದಾಗಿಲ್ಲ,” ಎನ್ನುತ್ತ ಡ್ರೋನಿನ ರೆಕ್ಕೆಯ ಧೂಳು ಸೆರಗಿನಿಂದ ಒರೆಸುತ್ತಾಳೆ. “ಇನ್ನೊಂದ್ ಸಲ ಮದುಮಗಳು ನಗೂದು ತೆಗೀಬೇಕಂತ ಭಾಳ ಆಸೆ ಅದ.”

ಕೇಳಿದಿರಿ, ಲೊಚಗುಟ್ಟಿದಿರಿ. ಅದಿರಲಿ, ನಿಮ್ಮ ಮನೆಯ ಮದುವೆ ಯಾವಾಗ? ತಾರೀಖು ಹೇಳಿ.